ಸೇರಿದ ದಿನಾಂಕ

2025ರ ಆಗಸ್ಟ್ ತಿಂಗಳ ಒಂದು ಭಾನುವಾರ. ಎರಡನೇ ಪೂಜೆ ಮುಗಿಸಿ ಇಗರ್ಜಿಯ ಮೆಟ್ಟಿಲು ಇಳಿಯುತ್ತಿದ್ದೆ. ನನ್ನ ತಂಗಿಯ ಮಗ ಹಿಂದಿನಿಂದ ಬಂದು, "ಮಾವ್ಶಿ, ಒಂದು ನಿಮಿಷ" ಎಂದ. ಉಪ್ಪಳದಲ್ಲಿ ಫ್ರಿಜ್ಜು, ಏಸಿ ರಿಪೇರಿಯ ಸಣ್ಣ ಅಂಗಡಿ ಇಟ್ಟಿದ್ದಾನೆ. ಒಬ್ಬನೇ ಓಡಾಡಿ ಸಾಕಾಗಿದೆ. ಜೇಬಿನಿಂದ ಮೊಬೈಲು ತೆಗೆದು ಯಾರೋ ಕಳಿಸಿದ ಸಂದೇಶ ತೋರಿಸಿದ. "ಹೊಸದಾಗಿ ಕೆಲಸಕ್ಕೆ ಜನ ಇಟ್ಟುಕೊಂಡರೆ ಸರಕಾರ ತಿಂಗಳಿಗೆ ಮೂರು ಸಾವಿರ ಕೊಡುತ್ತದಂತೆ. ಹಾಗಾದರೆ ಒಬ್ಬ ಹುಡುಗನನ್ನು ಇಟ್ಟುಕೊಳ್ಳುವ ಅಂತ ಇದ್ದೇನೆ. ನಿಮಗೆ ಇದರ ಅನುಭವ ಉಂಟಲ್ಲ?"

ಅನುಭವ ಉಂಟು. ಆದರೆ ಮೆಟ್ಟಿಲಲ್ಲಿ ನಿಂತು ಹೇಳುವಂಥದ್ದಲ್ಲ. "ಸಂಜೆ ಮನೆಗೆ ಬಾ" ಎಂದೆ. ಪಕ್ಕದಲ್ಲಿ ನಿಂತು ಕೇಳಿಸಿಕೊಂಡ ನಮ್ಮ ಫಾದರ್ ನಗುತ್ತಾ, "ಅವನಿಗೆ ಹೇಳುವುದನ್ನು ನಮ್ಮ ಪತ್ರಿಕೆಗೂ ಬರೆದು ಕೊಡಿ. ನಮ್ಮವರಲ್ಲಿ ಸಣ್ಣ ಅಂಗಡಿ ನಡೆಸುವವರು ಎಷ್ಟೋ ಮಂದಿ ಇದ್ದಾರೆ" ಎಂದರು. ಒಪ್ಪಿಕೊಂಡೆ. ಬರೆಯಲು ಕುಳಿತಾಗ ಗೊತ್ತಾಯಿತು, ಯೋಜನೆಯ ವಿಷಯ ಬರೆಯುವುದು ಸುಲಭ, ನನ್ನ ವಿಷಯ ಬರೆಯುವುದೇ ಕಷ್ಟ ಎಂದು.

ನನ್ನದು ಕುಂಬಳೆ ಕಡೆಯ ಒಂದು ಹೊಲಿಗೆ ಅಂಗಡಿ. ಮೊದಲು ಮನೆಯ ಜಗಲಿಯಲ್ಲೇ ಹೊಲಿಯುತ್ತಿದ್ದೆ. ಶಾಲೆಯ ಸಮವಸ್ತ್ರ, ರವಿಕೆ, ಚೂಡಿದಾರ, ನಮ್ಮ ಮಕ್ಕಳ ಪ್ರಥಮ ಪರಮಪ್ರಸಾದದ ಬಿಳಿ ಉಡುಪು. ಏಪ್ರಿಲ್, ಮೇ ಬಂದರೆ ರಾತ್ರಿ ಹನ್ನೊಂದರವರೆಗೂ ಮಶೀನಿನ ಸದ್ದು ನಿಲ್ಲುತ್ತಿರಲಿಲ್ಲ. 2007ರ ಜೂನ್‌ನಲ್ಲಿ, ಶಾಲೆ ಶುರುವಾಗಿ ಹತ್ತು ದಿನವಾದರೂ ಮೂವತ್ತು ಜೊತೆ ಸಮವಸ್ತ್ರ ಬಾಕಿ ಉಳಿದಾಗ, ನೆರೆಯ ಗುಡ್ಡದಾಚೆಯ ಒಬ್ಬಳನ್ನು ಸಹಾಯಕ್ಕೆ ಕರೆದೆ. ಅವಳಿಗೆ ಆಗ ಮೂವತ್ತೆರಡು ವರ್ಷ. ಕಾಜಾ ಹಾಕುವುದು, ಬಟನು ಹೊಲಿಯುವುದು, ಹೆಮ್ಮಿಂಗ್, ಇಷ್ಟೇ ಮೊದಲ ಕೆಲಸ. "ಈ ಒಂದು ವಾರ ಬಾ" ಎಂದಿದ್ದೆ. ಅವಳು ಇಂದಿಗೂ ಬರುತ್ತಿದ್ದಾಳೆ.

ಓದುಗ ಬಾಂಧವರೇ, ನಮ್ಮ ಊರುಗಳಲ್ಲಿ ಮೊದಲ ಕೆಲಸಗಾರರು ಬರುವುದೇ ಹೀಗೆ. ಯಾರೂ ಜಾಹೀರಾತು ಕೊಟ್ಟು, ಸಂದರ್ಶನ ಮಾಡಿ ತೆಗೆದುಕೊಳ್ಳುವುದಿಲ್ಲ. 'ಸಹಾಯಕ್ಕೆ' ಬರುತ್ತಾರೆ, ಉಳಿದುಬಿಡುತ್ತಾರೆ. ಆ 'ಸಹಾಯ' ಎಂಬ ಮಾತು ಎಷ್ಟು ಅನುಕೂಲದ್ದು ನೋಡಿ. ಸಹಾಯಕ್ಕೆ ಬಂದವರಿಗೆ ಹಾಜರಿ ಪುಸ್ತಕ ಬೇಡ, ಚೀಟಿ ಬೇಡ. ಕೊಟ್ಟಷ್ಟು ಕೊಟ್ಟರಾಯಿತು. ಮೊದಲು ಅವಳಿಗೆ ತುಂಡಿಗೆ ಇಷ್ಟು ಎಂದು ಕೊಡುತ್ತಿದ್ದೆ. ಒಂದು ವರ್ಷದ ಮೇಲೆ ತಿಂಗಳ ಸಂಬಳ ಮಾಡಿದೆ. ಅದನ್ನೇ ದೊಡ್ಡ ಧರ್ಮ ಎಂದು ತಿಳಿದುಕೊಂಡಿದ್ದೆ, ಏಕೆಂದರೆ ಆಟಿ ತಿಂಗಳಲ್ಲಿ ಹೊಲಿಗೆ ಇರುವುದಿಲ್ಲ. ಮಳೆ ಬಿಡದೆ ಹೊಡೆಯುವಾಗ ಯಾರು ಬಟ್ಟೆ ಹೊಲಿಸುತ್ತಾರೆ? ಮೊಂತಿ ಹಬ್ಬ ಹತ್ತಿರ ಬರುವವರೆಗೆ ಗಲ್ಲಾ ಖಾಲಿ. ಆ ತಿಂಗಳಲ್ಲೂ ಸಂಬಳ ಕೊಡುವುದಿದೆಯಲ್ಲ, ಒಬ್ಬರನ್ನು ಇಟ್ಟುಕೊಳ್ಳುವುದು ಎಂದರೆ ನಿಜವಾಗಿ ಅದೇ. ಎರಡು ಸಲ ಅದಕ್ಕಾಗಿ ಕೈಬಳೆ ಅಡವಿಟ್ಟಿದ್ದೇನೆ.

2011ರಲ್ಲಿ ಜಗಲಿಯಿಂದ ಅಂಗಡಿಗೆ ಬಂದೆ. ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ ಎಂದು 2008ರಿಂದ ಒಂದಿತ್ತು. ಗ್ರಾಮೀಣ ಪ್ರದೇಶದ ಮಹಿಳೆಯರಿಗೆ ಯೋಜನಾ ವೆಚ್ಚದಲ್ಲಿ ನೂರಕ್ಕೆ 35 ಸಹಾಯಧನ, ಕೈಯಿಂದ ಹಾಕಬೇಕಾದದ್ದು ನೂರಕ್ಕೆ 5, ಉಳಿದದ್ದು ಬ್ಯಾಂಕ್ ಸಾಲ. ನನ್ನದು ಎರಡು ಲಕ್ಷದ ಯೋಜನೆ. 10,000 ನಾನು ಹಾಕಿದೆ, 70,000 ಸಹಾಯಧನ. ಅದೂ ಕೈಗೆ ಸಿಗುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ನಮ್ಮ ಹೆಸರಲ್ಲಿ ಇಟ್ಟು ಆಮೇಲೆ ಸಾಲಕ್ಕೆ ಜಮೆ ಮಾಡುತ್ತಾರೆ. ಎರಡು ಪವರ್ ಮಶೀನು, ಒಂದು ಓವರ್‌ಲಾಕ್, ಕತ್ತರಿಸುವ ಮೇಜು ತಂದೆ. ಅರ್ಜಿಯ ಜೊತೆ ಪ್ರತಿಯೊಂದು ಮಶೀನಿಗೂ ಅಂಗಡಿಯವರ ಕೊಟೇಶನ್ ಲಗತ್ತಿಸಬೇಕಿತ್ತು, ಮಾದರಿ ಸಂಖ್ಯೆ ಸಮೇತ. ಅದೇ ಅರ್ಜಿಯಲ್ಲಿ 'ಎಷ್ಟು ಜನರಿಗೆ ಉದ್ಯೋಗ' ಎಂಬ ಒಂದು ಅಂಕಣವಿತ್ತು. ನಾನು 3 ಎಂದು ಬರೆದೆ. ಆ ಮೂವರು ಯಾರು, ಹೆಸರೇನು, ಎಂದಿನಿಂದ, ಎಂದು ಯಾರೂ ಕೇಳಲಿಲ್ಲ. ಮಶೀನಿಗೆ ಇದ್ದಷ್ಟು ಕಾಗದಪತ್ರ ನನ್ನ ಕೆಲಸದವಳಿಗೆ ಇರಲಿಲ್ಲ. ಆಗ ಅದು ನನಗೆ ಹೊಳೆಯಲೂ ಇಲ್ಲ.

ಕಾನೂನು ನನ್ನನ್ನು ಹಿಡಿಯುವ ಹಾಗೂ ಇರಲಿಲ್ಲ. ಭವಿಷ್ಯನಿಧಿ, ಎಂದರೆ ನಾವೆಲ್ಲ ಪಿ.ಎಫ್. ಎನ್ನುವುದು, 20 ಮತ್ತು ಹೆಚ್ಚು ಜನ ದುಡಿಯುವಲ್ಲಿ ಕಡ್ಡಾಯ. ಅದಕ್ಕಿಂತ ಕಡಿಮೆ ಇದ್ದರೆ ಮಾಲಿಕರೂ ಹೆಚ್ಚಿನ ಕೆಲಸಗಾರರೂ ಒಪ್ಪಿದಲ್ಲಿ ತಾವಾಗಿ ಸೇರಬಹುದು. ತಾವಾಗಿ ಯಾರು ಸೇರುತ್ತಾರೆ? ಕೇರಳದಲ್ಲಿ ಹೊಲಿಗೆ ಕೆಲಸದವರಿಗೆಂದೇ 1994ರ ಕಾನೂನಿನ ಒಂದು ಕ್ಷೇಮನಿಧಿ ಇದೆ. ಅದಕ್ಕೆ ಅವಳು ತಾನೇ ಹೋಗಿ ಸೇರಿದ್ದಳು, ತನ್ನ ಕಂತು ತಾನೇ ಕಟ್ಟುತ್ತಿದ್ದಳು. ಅದರ ಪುಸ್ತಕ ಎಂಥದ್ದೆಂದು ನಾನು ನೋಡಿದವಳಲ್ಲ.

ಹೀಗೆ ಹದಿಮೂರು ವರ್ಷ ಸಂದವು. ನಡುವೆ ಇನ್ನೂ ಒಂದಿಬ್ಬರು ಬಂದರು, ಮದುವೆಯಾಗಿ ಹೋದರು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಶಾಲೆ ಇಲ್ಲ, ಸಮವಸ್ತ್ರ ಇಲ್ಲ, ಮದುವೆ ಇಲ್ಲ. ಸ್ವಲ್ಪ ಕಾಲ ಮಾಸ್ಕ್ ಹೊಲಿದೆವು. ಆಮೇಲೆ ಅದೂ ಇಲ್ಲದಾಗ "ಮನೆಯಲ್ಲಿರು, ಕೆಲಸ ಬಂದಾಗ ಕರೆಯುತ್ತೇನೆ" ಎಂದು ಅವಳಿಗೆ ಹೇಳಿದೆ. ಎರಡು ತಿಂಗಳು ಅಕ್ಕಿ ಕೊಟ್ಟೆ, ಮೂರನೇ ತಿಂಗಳು ನನ್ನಲ್ಲೂ ಇರಲಿಲ್ಲ. ಅವಳು ಕೇಳಲೂ ಇಲ್ಲ. ನಾನು ಅವಳ ಮನೆಯ ದಾರಿಯಲ್ಲಿ ಹೋಗುವುದನ್ನು ಬಿಟ್ಟೆ.

ಕೇರಳದಲ್ಲಿ ಶಾಲೆಗಳು ಮತ್ತೆ ತೆರೆಯತೊಡಗಿದ್ದು 2021ರ ನವೆಂಬರ್ 1ರಂದು. ಎರಡು ವರ್ಷದಲ್ಲಿ ಮಕ್ಕಳೆಲ್ಲ ಗೇಣುದ್ದ ಬೆಳೆದಿದ್ದರು. ಹಳೆಯ ಅಂಗಿ ಯಾವುದೂ ಹಿಡಿಸದು. ಬಂದ ಆರ್ಡರನ್ನು ನೋಡಿ ಕಣ್ಣಲ್ಲಿ ನೀರು ಬಂತು. ಅವಳನ್ನು ಕರೆದೆ, ಜೊತೆಗೆ ಇಬ್ಬರು ಹೊಸ ಹುಡುಗಿಯರನ್ನೂ ಸೇರಿಸಿಕೊಂಡೆ. ಆ ಹೊತ್ತಿಗೆ ಪೇಟೆಯಲ್ಲಿ ನಮ್ಮ ಲೆಕ್ಕಪತ್ರ ನೋಡುವವರು ಒಂದು ಹೊಸ ವಿಷಯ ಹೇಳಿದರು. ಆತ್ಮನಿರ್ಭರ ಭಾರತ ರೋಜ್‌ಗಾರ್ ಯೋಜನೆ. 2020ರ ಅಕ್ಟೋಬರ್ 1ರ ನಂತರ ಹೊಸದಾಗಿ ಸೇರಿದ, 15,000ಕ್ಕಿಂತ ಕಡಿಮೆ ಸಂಬಳದ ಕೆಲಸಗಾರರಿಗೆ ಎರಡು ವರ್ಷದವರೆಗೆ ಪಿ.ಎಫ್. ವಂತಿಗೆಯನ್ನು ಕೇಂದ್ರ ಸರಕಾರವೇ ಕಟ್ಟುತ್ತದೆ. ಸಾವಿರ ಜನರವರೆಗಿನ ಸಂಸ್ಥೆಯಾದರೆ ಕೆಲಸಗಾರರ 12, ಮಾಲಿಕರ 12, ಎರಡೂ ಸೇರಿ ನೂರಕ್ಕೆ 24. ಸಣ್ಣ ಸಂಸ್ಥೆಯವರು ಕಡಿಮೆ ಎಂದರೆ ಇಬ್ಬರನ್ನು ಹೊಸದಾಗಿ ತೆಗೆದುಕೊಂಡಿರಬೇಕು. ನೋಂದಣಿಗೆ 2022ರ ಮಾರ್ಚ್ 31ರವರೆಗೆ ಅವಕಾಶ. "ನಿಮ್ಮಲ್ಲಿ ಈಗ ಸರಿಯಾಗಿ ಇಬ್ಬರು ಹೊಸಬರಿದ್ದಾರೆ. ಸ್ವಇಚ್ಛೆಯಿಂದ ಪಿ.ಎಫ್.ಗೆ ಸೇರಿಬಿಡಿ, ನಿಮ್ಮ ಕೈಯಿಂದ ಹೋಗುವುದು ಆಡಳಿತ ಶುಲ್ಕ ಮತ್ತು ವಿಮೆ ಮಾತ್ರ" ಎಂದರು.

ಲೆಕ್ಕ ಹಾಕಿದೆ. ಹುಡುಗಿಯರಿಗೆ ತಲಾ 9,000 ಸಂಬಳ. ನೂರಕ್ಕೆ 24 ಎಂದರೆ 2,160. ಇಬ್ಬರದು ತಿಂಗಳಿಗೆ 4,320. ಇಪ್ಪತ್ತನಾಲ್ಕು ತಿಂಗಳಿಗೆ ಒಂದು ಲಕ್ಷದ ಮೇಲೆ. ನನಗೆ ಸಿಗುವ ಹಣವಲ್ಲ ಅದು, ಅವರ ಹೆಸರಿಗೆ ಹೋಗುವ ಹಣ, ಆದರೂ ಖುಷಿಯಾಯಿತು. ಸಂತ ಜೋಸೆಫರ ಪಟದ ಮುಂದೆ ಒಂದು ಮೇಣದಬತ್ತಿಯನ್ನೂ ಹಚ್ಚಿದೆ.

ಆಮೇಲೆ ಕೇಳಿದೆ, "ನಮ್ಮ ಹಳಬಳದ್ದು ಹೇಗೆ?"

ಅವರು ಸಹಜವಾಗಿ ಹೇಳಿದರು. "ಅವರಿಗೂ ಇದುವರೆಗೆ ಪಿ.ಎಫ್. ನಂಬರ್ ಇಲ್ಲವಲ್ಲ. ಸರಕಾರದ ಲೆಕ್ಕದಲ್ಲಿ ಅವರೂ ಹೊಸಬರೇ. ಫಾರ್ಮ್‌ನಲ್ಲಿ ಸೇರಿದ ದಿನಾಂಕ ಎಂದು ಇದೆ ನೋಡಿ, ಅಲ್ಲಿ ಈ ತಿಂಗಳಿನದೇ ಬರೆಯಿರಿ. ಎಲ್ಲರೂ ಹೀಗೇ ಮಾಡುವುದು."

ಅವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ನನ್ನ ಒಳ್ಳೆಯದಕ್ಕೇ ಹೇಳಿದ್ದು. ಫಾರ್ಮ್ ಹಿಡಿದು ಮನೆಗೆ ಬಂದೆ. ರಾತ್ರಿ ಜಪಸರ ಮುಗಿದ ಮೇಲೆ ಮತ್ತೆ ಲೆಕ್ಕಕ್ಕೆ ಕುಳಿತೆ. ಅವಳ ಸಂಬಳ ಆಗ 10,000. ನೂರಕ್ಕೆ 24 ಎಂದರೆ 2,400. ಎರಡು ವರ್ಷಕ್ಕೆ 57,600 ರೂಪಾಯಿ. ಒಂದು ದಿನಾಂಕ ಬದಲಿಸಿ ಬರೆದರೆ ಅಷ್ಟು. ಅದೂ ಅವಳ ಖಾತೆಗೇ ಹೋಗುವುದು, ನಾನು ನುಂಗುವುದಲ್ಲ. ಮನಸ್ಸು ಎಷ್ಟು ಚೆನ್ನಾಗಿ ವಾದ ಮಾಡುತ್ತದೆ ನೋಡಿ.

ಮರುದಿನ ಅವಳಿಗೇ ಹೇಳಿದೆ. ಪಿ.ಎಫ್. ಎಂದರೆ ಏನು ಎಂದು ವಿವರಿಸಲು ಹೊರಟೆ. ಅವಳು ಮಶೀನಿನಿಂದ ತಲೆ ಎತ್ತದೆ, "ಗೊತ್ತುಂಟು ಅಕ್ಕಾ. ನನ್ನ ಅಮ್ಮನಿಗೆ ಬೀಡಿಯ ಪಿ.ಎಫ್. ಇತ್ತು. ನಮ್ಮ ಮನೆಗೆ ಹಂಚು ಹಾಕಿಸಿದ್ದು ಅದರಲ್ಲೇ" ಎಂದಳು.

ನಾನು ಸುಮ್ಮನಾದೆ. ನಮ್ಮ ಕಡೆ ಬೀಡಿ ಕಟ್ಟುವ ಹೆಂಗಸರಿಗೆ ಪಿ.ಎಫ್. ಇದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಸೊಂಟ ಬಗ್ಗಿಸಿ ಸೂಪಿನಲ್ಲಿ ಬೀಡಿ ಕಟ್ಟಿದ ತಾಯಿಗೆ ಇದ್ದ ಆಸರೆ, ಫ್ಯಾನಿನ ಕೆಳಗೆ ಕುಳಿತು ಹೊಲಿಯುವ ಮಗಳಿಗೆ ಇರಲಿಲ್ಲ. ಹದಿನಾಲ್ಕು ವರ್ಷ ಅದು ಅವಳಿಗೆ ಗೊತ್ತಿತ್ತು. ಒಂದು ದಿನವೂ ಬಾಯಿಬಿಟ್ಟು ಕೇಳಿರಲಿಲ್ಲ.

ದಿನಾಂಕದ ವಿಷಯ ಹೇಳಿದಾಗ ಮಾತ್ರ ಅವಳು ಮಶೀನು ನಿಲ್ಲಿಸಿದಳು. "ಅಂದರೆ ನಾನು ಮೊನ್ನೆ ಬಂದವಳು ಎಂದು ಬರೆಯುವುದಾ?" ಎಂದು ನಕ್ಕಳು. ಸ್ವಲ್ಪ ಹೊತ್ತು ಬಿಟ್ಟು, "ಬರೆಯಿರಿ ಅಕ್ಕಾ. ದುಡ್ಡು ಬರುವುದಾದರೆ ನನಗೇನು?" ಎಂದಳು. ಮತ್ತೆ ಹೊಲಿಯತೊಡಗಿದಳು.

ಅವಳು ಬೇಡ ಎಂದಿದ್ದರೆ ನನಗೆ ಸುಲಭವಿತ್ತು.

ನಾನು ನಿಜವಾದ ದಿನಾಂಕವನ್ನೇ ಬರೆದೆ. ಇದನ್ನು ನನ್ನ ಪ್ರಾಮಾಣಿಕತೆಯ ಪ್ರಚಾರಕ್ಕೆ ಹೇಳುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ಹದಿನಾಲ್ಕು ವರ್ಷ ಕಾಗದದಲ್ಲಿ ಇಲ್ಲದವಳನ್ನು, ಕಾಗದಕ್ಕೆ ಹತ್ತಿಸುವ ದಿನವೇ ಮತ್ತೊಮ್ಮೆ ಅಳಿಸಿಹಾಕಲು ಕೈ ಬರಲಿಲ್ಲ, ಅಷ್ಟೇ. ಸರಕಾರದ ಹಣವನ್ನು ಸುಳ್ಳು ಬರೆದು ತೆಗೆಯುವುದು ಕಳ್ಳತನ ಎಂಬ ವಿಚಾರ ಬಂದದ್ದು ಆಮೇಲೆ. ಮೊದಲು ಬರಬೇಕಿತ್ತು.

ಆದರೆ ಅದರಿಂದ ಇನ್ನೊಂದು ಪೇಚು ಎದುರಾಯಿತು. ಹೊಸ ಹುಡುಗಿಯರ ಪಾಲನ್ನೂ ಸರಕಾರ ಕಟ್ಟುವುದರಿಂದ ಅವರಿಗೆ 9,000 ಪೂರ್ತಿ ಕೈಗೆ ಬರುತ್ತದೆ. ಹಳಬಳ 10,000ದಲ್ಲಿ ಅವಳ ಪಾಲು 1,200 ಕಡಿದರೆ ಉಳಿಯುವುದು 8,800. ಬಾಬಿನ್ ತುಂಬಲು ಅವಳಿಂದ ಕಲಿತ ಹುಡುಗಿಗಿಂತ 200 ಕಡಿಮೆ! ಸಂತ ಮತ್ತಾಯರ ಶುಭಸಂದೇಶದಲ್ಲಿ ದ್ರಾಕ್ಷಿ ತೋಟದ ಆಳುಗಳ ಸಾಮತಿ ಇದೆಯಲ್ಲ, ಅಲ್ಲಿ ಕೊನೆಗೆ ಬಂದವರಿಗೂ ಮೊದಲು ಬಂದವರಷ್ಟೇ ಸಿಕ್ಕಿದ್ದಕ್ಕೆ ಗೊಣಗಾಟ. ನನ್ನ ಅಂಗಡಿಯಲ್ಲಿ ಕೊನೆಗೆ ಬಂದವರಿಗೆ ಪೂರ್ತಿ, ಮೊದಲು ಬಂದವಳಿಗೆ ಕಡಿತ. ಆ ಸಾಮತಿಯ ಯಜಮಾನನಂತೆ ಧಾರಾಳವಾಗಿರಲು ನನಗೆ ತೋಟವಿರಲಿಲ್ಲ. ಆದರೂ ಅವಳ ಸಂಬಳವನ್ನು 11,400ಕ್ಕೆ ಏರಿಸಿದೆ. 12 ಪರ್ಸೆಂಟು ಕಡಿದು 10,032 ಕೈಗೆ ಬರುವಂತೆ ಮಾಡಿದೆ. ನನ್ನ ಪಾಲಿನ 1,368, ಏರಿಸಿದ 1,400, ಒಟ್ಟು ತಿಂಗಳಿಗೆ 2,768 ಹೆಚ್ಚು ಖರ್ಚು. ಅದರ ಮೇಲೆ ವಿಮೆಯ ಅರ್ಧ ಪರ್ಸೆಂಟು. ಆಡಳಿತ ಶುಲ್ಕವೂ ಅರ್ಧ ಪರ್ಸೆಂಟೇ, ಆದರೆ ಎಷ್ಟು ಸಣ್ಣ ಅಂಗಡಿಯಾದರೂ ತಿಂಗಳಿಗೆ ಕನಿಷ್ಠ 500. ಸಣ್ಣವರಿಗೆ ಈ 500 ಚುಚ್ಚುತ್ತದೆ, ಹೇಳದೆ ಇರಲಾರೆ. ಮೂವರಿಗೆ ನಿಜವಾದ ಲೆಕ್ಕ ಹಾಕಿದರೆ 150 ಕೂಡ ಆಗುತ್ತಿರಲಿಲ್ಲ.

ಆ ವಾರ ಮೂವರಿಗೂ ನೇಮಕಾತಿ ಪತ್ರ ಬರೆದೆ. ಪಂಚಾಯತಿನ ಲೈಸೆನ್ಸು ಮಲಯಾಳದಲ್ಲಿ, ಪಿ.ಎಫ್. ಕಾಗದ ಇಂಗ್ಲಿಷಿನಲ್ಲಿ. ಅವಳು ಓದಿದ್ದು ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ. ಆದುದರಿಂದ ಅಂಗಡಿಯ ಬಿಲ್ ಪುಸ್ತಕದ ಹಾಳೆಯಲ್ಲಿ ಕನ್ನಡದಲ್ಲೇ, ಕೈಬರಹದಲ್ಲಿ ಬರೆದು, ಸೀಲು ಹಾಕಿ ಕೊಟ್ಟೆ. ಕೆಲಸ ಏನು, ಸಂಬಳ ಎಷ್ಟು, ವಾರದ ರಜೆ ಯಾವಾಗ, ಸೇರಿದ ದಿನಾಂಕ. ಅವಳು ಅದನ್ನು ಎರಡು ಸಲ ಓದಿ, ಮಡಚಿ, ಚೀಲದಲ್ಲಿದ್ದ ಕ್ಷೇಮನಿಧಿಯ ಪುಸ್ತಕದೊಳಗೆ ಇಟ್ಟಳು.

ನಾನು ಮಾಡಿದ ಇನ್ನೊಂದು ತಪ್ಪನ್ನೂ ಹೇಳಬೇಕು. ಎರಡು ವರ್ಷ ಮುಗಿದ ಮೇಲೆ ಏನಾಗುತ್ತದೆ ಎಂದು ಆ ಹುಡುಗಿಯರಿಗೆ ನಾನು ವಿವರಿಸಿರಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಅದೇ ದ್ರಾಕ್ಷಿ ತೋಟದ ಶುಭಸಂದೇಶ ಭಾನುವಾರದ ಪೂಜೆಯಲ್ಲಿ ಬಂತು. ಫಾದರ್ ಪ್ರಸಂಗ ಮಾಡುವಾಗ ನನಗೆ ನೆನಪಾಯಿತು, ಇನ್ನು ಎರಡು ಮೂರು ತಿಂಗಳಲ್ಲಿ ಸರಕಾರದ ಪಾಲು ನಿಲ್ಲುತ್ತದೆ ಎಂದು. ಆದರೂ ಹೇಳುವುದನ್ನು ಮುಂದೂಡಿದೆ. ಆಗ ಅವರ ಸಂಬಳ 10,500 ಆಗಿತ್ತು. ಒಂದು ತಿಂಗಳು ಪೂರ್ತಿ ಬಂದದ್ದು ಮರು ತಿಂಗಳು 9,240 ಬಂತು. "ನಮ್ಮದು ಯಾಕೆ ಕಡಿದಿರಿ?" ಎಂದು ಇಬ್ಬರೂ ಕೇಳಿದರು. ಕಡಿದದ್ದು ನಿಮ್ಮ ಹೆಸರಲ್ಲೇ ಇದೆ, ನಾನೂ ಅಷ್ಟೇ ಹಾಕುತ್ತೇನೆ ಎಂದರೆ ಒಬ್ಬಳು ಒಪ್ಪಿದಳು. ಇನ್ನೊಬ್ಬಳಿಗೆ ಮನೆಯಲ್ಲಿ ಸಾಲವಿತ್ತು. ಕೈಗೆ 10,500 ಕೊಡುತ್ತೇವೆ, ಪಿ.ಎಫ್.‌ಗೀಪಿ.ಎಫ್. ಇಲ್ಲ ಎಂದ ಇನ್ನೊಂದು ಅಂಗಡಿಗೆ ಹೋದಳು. ಅವಳನ್ನು ತಪ್ಪು ಎನ್ನಲಾರೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಐವತ್ತೆಂಟು ಬಹಳ ದೂರ ಕಾಣುತ್ತದೆ.

ಸಂಜೆ ತಂಗಿಯ ಮಗ ಬಂದಾಗ ಇದನ್ನೆಲ್ಲ ಹೇಳಿದೆ. ಅವನಿಗೆ ಬೇಕಾದದ್ದು ಹೊಸ ಯೋಜನೆಯ ವಿಷಯ. ಓದುಗರಿಗೂ ಉಪಯೋಗವಾದೀತೆಂದು ತಿಳಿದಷ್ಟು ಬರೆಯುತ್ತೇನೆ.

ಇದರ ಹೆಸರು ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ. ಕೇಂದ್ರ ಸಚಿವ ಸಂಪುಟ 2025ರ ಜುಲೈ 1ರಂದು ಒಪ್ಪಿಗೆ ಕೊಟ್ಟದ್ದು. ಒಟ್ಟು 99,446 ಕೋಟಿ ರೂಪಾಯಿ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ನಡುವೆ ಹುಟ್ಟುವ ಕೆಲಸಗಳಿಗೆ ಮಾತ್ರ. ಇದರಲ್ಲಿ ಎರಡು ಭಾಗ. ಮೊದಲನೆಯದು ಕೆಲಸಗಾರರಿಗೆ. ಮೊತ್ತಮೊದಲ ಬಾರಿ ಪಿ.ಎಫ್.ಗೆ ಸೇರುವ, ಒಂದು ಲಕ್ಷದವರೆಗೆ ಸಂಬಳದವರಿಗೆ ಒಂದು ತಿಂಗಳ ವೇತನದಷ್ಟು, ಗರಿಷ್ಠ 15,000. ಆರು ತಿಂಗಳಾದ ಮೇಲೆ ಒಂದು ಕಂತು, ಹನ್ನೆರಡು ತಿಂಗಳಾಗಿ ಹಣಕಾಸಿನ ಒಂದು ಪಾಠ ಮುಗಿಸಿದ ಮೇಲೆ ಇನ್ನೊಂದು. ಎರಡನೆಯ ಭಾಗ ಮಾಲಿಕರಿಗೆ. ಹೆಚ್ಚುವರಿಯಾಗಿ ತೆಗೆದುಕೊಂಡವರ ಸಂಬಳ 10,000ದವರೆಗಿದ್ದರೆ ತಿಂಗಳಿಗೆ 1,000ದವರೆಗೆ, 20,000ದವರೆಗಿದ್ದರೆ 2,000, ಅದಕ್ಕಿಂತ ಮೇಲೆ ಒಂದು ಲಕ್ಷದವರೆಗೆ 3,000. ಎರಡು ವರ್ಷ ಕೊಡುತ್ತಾರೆ, ತಯಾರಿಕಾ ವಲಯಕ್ಕೆ ನಾಲ್ಕು ವರ್ಷ. ಕೆಲಸಗಾರ ಆರು ತಿಂಗಳಾದರೂ ನಿಂತಿರಬೇಕು.

"ಅಂದರೆ ನನ್ನ ಹುಡುಗನಿಗೆ ಮೂರು ಸಾವಿರ ಅಲ್ಲ?" ಎಂದ.

"ಹನ್ನೆರಡು ಸಾವಿರದ ಸಂಬಳಕ್ಕೆ ಎರಡು ಸಾವಿರದ ಸಾಲಿಗೆ ಬರುತ್ತದೆ. ಆದರೆ ಅದೂ ನಿನಗೆ ಸಿಗುವುದಿಲ್ಲ" ಎಂದೆ. ಏಕೆಂದರೆ 50ಕ್ಕಿಂತ ಕಡಿಮೆ ಜನರಿರುವ ಸಂಸ್ಥೆ ಕಡಿಮೆಯೆಂದರೆ ಇಬ್ಬರನ್ನು ಹೆಚ್ಚುವರಿಯಾಗಿ ತೆಗೆದುಕೊಂಡಿರಬೇಕು. ಒಬ್ಬನೇ ಆದರೆ ಲೆಕ್ಕಕ್ಕಿಲ್ಲ. ಹೆಚ್ಚುವರಿ ಎಂದರೆ ಈಗಾಗಲೇ ಪಿ.ಎಫ್. ಪಟ್ಟಿಯಲ್ಲಿರುವ ಒಂದು ಆಧಾರ ಸಂಖ್ಯೆಯ ಮೇಲೆ ಹೆಚ್ಚುವರಿ. ಹೊಸದಾಗಿ ಸೇರುವ ಸಣ್ಣ ಅಂಗಡಿಗೆ ಆ ಸಂಖ್ಯೆಯನ್ನು ಎಷ್ಟೆಂದು ಹಿಡಿಯುತ್ತಾರೆ ಎಂಬುದನ್ನು ಸೇರುವ ಮೊದಲೇ ಪಿ.ಎಫ್. ಕಛೇರಿಯಲ್ಲಿ ಕೇಳಿ, ಬರವಣಿಗೆಯಲ್ಲಿ ಪಡೆಯುವುದು ಒಳ್ಳೆಯದು. ಸಂದೇಶ ಕಳಿಸಿದವರ ಮಾತು ಕೇಳಿ ಆಳು ಇಟ್ಟುಕೊಂಡವರು ಆಮೇಲೆ ಅವರಲ್ಲಿ ಹೋಗಿ ಸಂಬಳ ಕೇಳಲಾಗುತ್ತದೆಯೇ?

ಅವನ ಮುಖ ಸಣ್ಣದಾಯಿತು. ನಾನು ಹಾಳೆ ತೆಗೆದು, ನನ್ನ ಕಾಲದ ದರದಲ್ಲೇ ಅವನ ಲೆಕ್ಕ ಬರೆದು ತೋರಿಸಿದೆ. 12,000 ಸಂಬಳದ ಒಬ್ಬ ಹುಡುಗನಿಗೆ ಅವನ ಪಾಲು 1,440, ವಿಮೆ 60, ಆಡಳಿತ ಶುಲ್ಕ 500. ಒಟ್ಟು ಸರಿಯಾಗಿ 2,000. ಆ ಸಂಬಳಕ್ಕೆ ಸರಕಾರ ಇಟ್ಟಿರುವ ಪ್ರೋತ್ಸಾಹಧನವೂ 2,000! ದೊಡ್ಡವರಿಗೆ ಅದು ತಿರುಗಿ ಬರುತ್ತದೆ, ಮೊದಲ ಆಳನ್ನು ಇಟ್ಟುಕೊಳ್ಳುವ ನಮ್ಮಂಥವರಿಗೆ ಮಾತ್ರ ಅದು ಕೈಯಿಂದ ಹೋಗುವ ಹಣ. ಯೋಜನೆ ಮಾಡುವವರಿಗೆ ಲಕ್ಷ ಕೋಟಿಯ ಲೆಕ್ಕದಲ್ಲಿ ಒಂದು ಎಂಬ ಸಂಖ್ಯೆ ಕಾಣುವುದಿಲ್ಲವೋ ಏನೋ. ಸೊನ್ನೆಯಿಂದ ಒಂದಕ್ಕೆ ಹೋಗುವುದೇ ಎಲ್ಲಕ್ಕಿಂತ ಕಷ್ಟದ್ದು ಎಂದು ಆಟಿಯಲ್ಲಿ ಸಂಬಳ ಕೊಟ್ಟವರಿಗೆ ಗೊತ್ತು.

"ಹಾಗಾದರೆ ಇಟ್ಟುಕೊಳ್ಳುವುದು ಬೇಡ ಎನ್ನುತ್ತೀರಾ?" ಎಂದು ಕೇಳಿದ.

"ನಿನ್ನ ಅಂಗಡಿ ಮಳೆಗಾಲದಲ್ಲಿ ಹೇಗೆ?" ಎಂದು ನಾನು ತಿರುಗಿ ಕೇಳಿದೆ. ಏಸಿಯ ಕೆಲಸ ಜೂನ್‌ಗೆ ನಿಲ್ಲುತ್ತದೆ, ಸಿಡಿಲು ಬಡಿದ ಫ್ರಿಜ್ಜುಗಳು ಬರುತ್ತವೆ, ತಿಂಗಳಿಗೆ ಹೇಗಾದರೂ ನಡೆಯುತ್ತದೆ ಎಂದ. ಜುಲೈ, ಆಗಸ್ಟಿನಲ್ಲಿ 14,000 ತೆಗೆದಿಡಲು ಆಗುತ್ತದೆ ಎಂದಾದರೆ ಇಟ್ಟುಕೋ, ಇಲ್ಲವಾದರೆ ಯಾವ ಯೋಜನೆ ಬಂದರೂ ಬೇಡ ಎಂದೆ. ಬಂದರೆ ಬಂತು. ಹಣ ಬರುವುದು ಕೆಲಸಗಾರ ಆರು ತಿಂಗಳು ನಿಂತ ಮೇಲೆ. ಆ ಆರು ತಿಂಗಳು ಹುಡುಗನ ಮನೆಯಲ್ಲಿ ಒಲೆ ಉರಿಯಬೇಕಾದದ್ದು ನಿನ್ನ ಹಣದಿಂದ.

ನಂತರ ಅವನಿಗೆ ಒಂದು ಲೆಕ್ಕ ಹೇಳಿದೆ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಪಿ.ಎಫ್. ಜೊತೆಗೆ ಒಂದು ಪಿಂಚಣಿ ಇದೆ. ಮಾಲಿಕರ 12ರಲ್ಲಿ 8.33 ಅದಕ್ಕೇ ಹೋಗುವುದು. ಹತ್ತು ವರ್ಷ ಸೇವೆ ತುಂಬಿದರೆ 58ಕ್ಕೆ ತಿಂಗಳ ಪಿಂಚಣಿ. ಸೂತ್ರ ಸರಳ, ಸಂಬಳವನ್ನು ಸೇವೆಯ ವರ್ಷದಿಂದ ಗುಣಿಸಿ 70ರಿಂದ ಭಾಗಿಸಬೇಕು. ನನ್ನ ಹಳಬಳು 2021ರ ಕೊನೆಯಲ್ಲಿ ಸೇರಿದಾಗ ಅವಳಿಗೆ 46. ಐವತ್ತೆಂಟಕ್ಕೆ ಹನ್ನೆರಡು ವರ್ಷ. 12,000 ಸಂಬಳ ಎಂದು ಹಿಡಿದರೂ ತಿಂಗಳಿಗೆ 2,057 ರೂಪಾಯಿ. ನಾನು ಅವಳನ್ನು ಬಂದ ವರ್ಷವೇ ಸೇರಿಸಿದ್ದರೆ ಇಪ್ಪತ್ತಾರು ವರ್ಷ. ಅದೇ ಸೂತ್ರದಲ್ಲಿ 4,457. ನಡುವಿನ 2,400 ರೂಪಾಯಿ ಅವಳ ಮುಪ್ಪಿನ ಪ್ರತಿ ತಿಂಗಳೂ ಅವಳ ಕೈಗೆ ಬರದೆ ಉಳಿಯುವ ಹಣ. 57,600 ಬಿಟ್ಟೆ ಎಂದು ನಾನು ದೊಡ್ಡಸ್ತಿಕೆಯಲ್ಲಿ ಹೇಳಿದೆನಲ್ಲ, ಅದಕ್ಕೆ ಇದನ್ನು ಹೋಲಿಸಿ ನೋಡಿ.

ಕಾನೂನು ನನ್ನನ್ನು ಕೇಳಿರಲಿಲ್ಲ ಎನ್ನುವುದು ನಿಜ. ಆದರೆ ಪೋಪ್ 13ನೇ ಲಿಯೋರವರು ರೇರುಮ್ ನೊವಾರುಮ್ ಬರೆದದ್ದು 1891ರಲ್ಲಿ. ದುಡಿಯುವವನು ಒಪ್ಪಿಕೊಂಡ ಎಂದ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ ಎಂದು ಅದರಲ್ಲಿ ಅವರು ವಿವರಿಸಿದ್ದಾರೆ. ಕೂಟದ ಸಭೆಗಳಲ್ಲಿ ಇದನ್ನು ನಾನು ಎಷ್ಟು ಬಾರಿ ಕೇಳಿಲ್ಲ! ಕಾರ್ಖಾನೆಯ ಸಾಹುಕಾರರಿಗೆ ಹೇಳಿದ್ದು ಎಂದು ತಿಳಿದಿದ್ದೆ. 2025ರಲ್ಲಿ ಹೊಸ ಪೋಪರು ಲಿಯೋ ಎಂಬ ಹೆಸರನ್ನೇ ಆರಿಸಿಕೊಂಡು, ಅದಕ್ಕೆ ಆ ಬರಹವೇ ಮುಖ್ಯ ಕಾರಣ ಎಂದಾಗ, ಅಂಗಡಿಯಲ್ಲಿ ಪತ್ರಿಕೆ ಓದುತ್ತಿದ್ದ ನನಗೆ ಎದುರಿಗೆ ಕುಳಿತು ಕಾಜಾ ಹಾಕುತ್ತಿದ್ದವಳನ್ನು ನೋಡಲು ಸಂಕೋಚವಾಯಿತು.

ಅವಳು ಇತ್ತೀಚೆಗೆ ಮಗನ ಕೈಯಿಂದ ಮೊಬೈಲಿನಲ್ಲಿ ಪಿ.ಎಫ್. ಪಾಸ್‌ಬುಕ್ ತೆಗೆಸಿ ನೋಡಿದಳು. ಎಷ್ಟಿದೆ ಎಂದು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. "ಮಗಳ ಮದುವೆಗೆ ಮುಟ್ಟುವುದಿಲ್ಲ ಅಕ್ಕಾ, ಇದು ನನ್ನದು" ಎಂದಳು.

ತಂಗಿಯ ಮಗ ಎರಡು ವಾರ ಬಿಟ್ಟು ಮತ್ತೆ ಬಂದ. ಹುಡುಗನನ್ನು ಸೆಪ್ಟೆಂಬರಿನಿಂದ ಇಟ್ಟುಕೊಳ್ಳುತ್ತಾನಂತೆ. ಮೊದಲ ಆರು ತಿಂಗಳು ನೋಡಿ ಆಮೇಲೆ ಪಿ.ಎಫ್. ಎಂದ. ನಾನು ಒಪ್ಪಲಿಲ್ಲ. ಅವನೂ ಪೂರ್ತಿ ಒಪ್ಪಲಿಲ್ಲ, ಇನ್ನೂ ಮಾತು ನಡೆಯುತ್ತಿದೆ. ನೇಮಕಾತಿ ಪತ್ರವನ್ನಂತೂ ಮೊದಲ ದಿನವೇ ಕೊಡುತ್ತೇನೆ, ಮಾದರಿ ಕೊಡಿ ಎಂದ. ಆ ವರ್ಷದ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಎಲ್ಲ ಕೆಲಸಗಾರರಿಗೂ ನೇಮಕಾತಿ ಪತ್ರ ಎಂದು ಸರಕಾರ ಹೇಳಿದ್ದು ಇದರ ನಂತರ. ಅವನು ಅದಕ್ಕಿಂತ ಮೊದಲೇ ಕೇಳಿದ ಎಂಬುದು ನನಗೆ ಸಂತೋಷ.

ಕಪಾಟಿನಿಂದ ಅವಳ ಪತ್ರದ ಜೆರಾಕ್ಸ್ ತೆಗೆದು ಕೊಟ್ಟೆ. ಅವನು ಓದುತ್ತಾ ಹೋಗಿ ಕೆಳಗಿನ ಸಾಲಿನಲ್ಲಿ ನಿಂತ.

"ಮಾವ್ಶಿ, ಪತ್ರ ಬರೆದದ್ದು 2021 ಎಂದಿದೆ. ಸೇರಿದ ದಿನಾಂಕ 11 ಜೂನ್ 2007 ಎಂದಿದೆ. ಯಾವುದೋ ಒಂದು ತಪ್ಪಿದೆ."

"ತಪ್ಪಿಲ್ಲ" ಎಂದೆ. "ಅಷ್ಟು ತಡವಾಗಿದೆ."